ಖನಿಜಶಾಸ್ತ್ರಜ್ಞನ ಒರೆಗಲ್ಲು

ನಮ್ಮ ಅಕ್ಕಸಾಲಿಗರು ಚಿನ್ನವನ್ನು ಬರಿಯ ಕಣ್ಣಿನಿಂದ ನೋಡಿ ಬೆಲೆಕಟ್ಟುವುದಿಲ್ಲ; ಒರೆಗಲ್ಲಿಗೆ ತಿಕ್ಕಿ, ಅಲ್ಲಿ ಮೂಡಿದ ಗೆರೆಯನ್ನು ನೋಡುತ್ತಾರೆ. ಖನಿಜಶಾಸ್ತ್ರಜ್ಞನ ವೃತ್ತಿಯೂ ಇಲ್ಲಿಂದಲೇ ಮೊದಲಾಗುತ್ತದೆಂದರೆ ಶ್ರೋತೃಗಳು ಆಶ್ಚರ್ಯಪಡಬೇಕಾಗಿಲ್ಲ. ಕಲ್ಲಿನ ಹೊಳಪು ವಂಚಕವಾದುದು. ಅಭ್ರಕಕ್ಕೆ ನಮ್ಮ ಹಿರಿಯರು ಕಾಗೆಬಂಗಾರವೆಂದು ಹೆಸರಿಟ್ಟಿದ್ದಾರಲ್ಲವೆ? ಆ ಹೆಸರಿನಲ್ಲಿ ಎಚ್ಚರಿಕೆಯೂ ಇದೆ, ತುಸು ನಗೆಯೂ ಇದೆ.

ಅಭ್ರಕಕ್ಕಿಂತ ಹೆಚ್ಚು ಮಂದಿಯನ್ನು ಮರುಳುಗೊಳಿಸಿರುವುದು ಪೈರೈಟ್ ಎಂಬ, ಕಬ್ಬಿಣ ಗಂಧಕಗಳು ಕೂಡಿದ ಖನಿಜ. ನೋಡಲು ಹಿತ್ತಾಳೆಯಂತೆ ಹಳದಿ. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಎಳೆದರೆ ಮಾತ್ರ ಅದರ ಗೆರೆ ಹಸುರು ಬೆರೆತ ಕಪ್ಪು. ಚಿನ್ನದ ಗೆರೆಯಾದರೋ ಚಿನ್ನದ ಬಣ್ಣವೇ. ೧೮೧೨ರಲ್ಲಿ ಮೋಸ್ ಎಂಬ ಜರ್ಮನ್ ವಿದ್ವಾಂಸನು ಏರ್ಪಡಿಸಿದ ಕಾಠಿಣ್ಯದ ಮಾನದಲ್ಲಿ, ಬಳಪದ ಕಲ್ಲಿನ ಮುಖ್ಯಾಂಶವಾದ ಟಾಲ್ಕಿಗೆ ೧, ವಜ್ರಕ್ಕೆ ೧೦. ಚಿನ್ನ ೩ನ್ನು ದಾಟುವುದಿಲ್ಲ, ಪೈರೈಟ್ ೬ಕ್ಕೆ ಕಡಮೆಯಿಲ್ಲ. ಚಾಕುವಿನ ಮೊನೆ ಮೊದಲನೆಯದನ್ನು ಗೀರುತ್ತದೆ, ಎರಡನೆಯದನ್ನು ಗೀರಲಾರದು. ಚಿನ್ನ ನೀರಿಗಿಂತ ಸುಮಾರು ೧೯ ಪಾಲು ಭಾರ, ಪೈರೈಟ್ ಸುಮಾರು ೫ ಪಾಲು.

ಎಲ್ಲ ಖನಿಜಗಳೂ ಇಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಆಗ ಶಿಲೆಯನ್ನು ಕೊಯ್ದು, ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳ್ಳಗೆ ಉಜ್ಜಿ, ಧ್ರುವೀಕೃತ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡಬೇಕು. ಸ್ಫಟಿಕಗಳೊಳಗಿನ ಪರಮಾಣುಗಳ ಜೋಡಣೆಯನ್ನು ಎಕ್ಸ್-ಕಿರಣಗಳಿಂದ ಅರಿಯುವ ದಾರಿ ೧೯೧೨ರಲ್ಲಿ ತೆರೆಯಿತು. ಆದುದರಿಂದ ಈ ವೃತ್ತಿಗೆ ಭೂವಿಜ್ಞಾನದೊಡನೆ ರಸಾಯನ, ಭೌತ, ಜ್ಯಾಮಿತಿಗಳೂ ಬೇಕು. ಬಿಸಿಲಿನಲ್ಲಿ ನಡೆಯುವ ಕಾಲೂ ಬೇಕು. ಎಲ್ಲಿ ಒಡೆದದ್ದೆಂಬ ಚೀಟಿಯಿಲ್ಲದ ಕಲ್ಲು ಎಷ್ಟೇ ಅಂದವಾಗಿರಲಿ, ನಿರುಪಯೋಗಿ.

ಇವೆಲ್ಲಕ್ಕಿಂತ ಕಷ್ಟವಾದುದು ಬೇರೊಂದುಂಟು. ೧೫೭೬ರಲ್ಲಿ ಮಾರ್ಟಿನ್ ಫ್ರಾಬಿಷರ್ ಎಂಬ ಆಂಗ್ಲ ನಾವಿಕನು ಈಗಿನ ಕೆನಡಾದ ಬಾಫಿನ್ ದ್ವೀಪದ ಕಡೆಯಿಂದ ಹಿಂದಿರುಗಿದಾಗ ಒಂದು ಕರಿಗಲ್ಲು ಬಂದಿತು. ಲಂಡನ್ನಿನ ಪರೀಕ್ಷಕರು ಕೆಲವರು ಅದರಲ್ಲಿ ಚಿನ್ನವಿಲ್ಲವೆಂದರು. ಯಾತ್ರೆಗೆ ಹಣ ಹೂಡಿದ್ದ ಮೈಕೆಲ್ ಲಾಕನಿಗೆ ಆ ಉತ್ತರ ರುಚಿಸಲಿಲ್ಲ. ಮತ್ತೊಬ್ಬನಲ್ಲಿಗೆ ಹೋದನು, ಆತನು ಚಿನ್ನವುಂಟೆಂದನು. ನಂಬಿದ್ದು ಆತನ ಮಾತನ್ನೇ! ಇನ್ನೆರಡು ಯಾತ್ರೆಗಳು ನಡೆದು, ೧೫೭೮ರಲ್ಲಿ ಸಾವಿರ ಟನ್ನಿಗೂ ಮೀರಿದ ಕಲ್ಲು ಹಡಗುಗಳಲ್ಲಿ ಬಂದಿಳಿಯಿತು. ಕುಲುಮೆಗಳಲ್ಲಿ ಕಾಯಿಸಿ ಕರಗಿಸಿದರೂ ಲಾಭದಾಯಕವಾದ ಚಿನ್ನ ಹೊರಡಲಿಲ್ಲ. ಲಾಕನು ಸಾಲಕ್ಕಾಗಿ ಸೆರೆಮನೆ ಕಂಡನು; ಕಲ್ಲು ರಸ್ತೆಗೆ ಜಲ್ಲಿಯಾಯಿತು. ಮೊದಲು ಇಲ್ಲವೆಂದವರ ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ಕೇಳಿದವನ ಆಸೆ ಅವರ ಮಾತಿಗಿಂತ ಬಲವಾಗಿತ್ತು.

ಪರೀಕ್ಷಕನ ಮನಸ್ಸಿನಲ್ಲಿಯೂ ಅಂತಹ ಆಸೆ ನುಸುಳಬಹುದು. ೨೦೦೧ರಲ್ಲಿ ಮುಚ್ಚಿದ ಕೋಲಾರದ ಗಣಿಗಳ ಬಿಳಿಗಲ್ಲಿನಲ್ಲಿ ಎಷ್ಟೋ ವೇಳೆ ಚಿನ್ನವು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಅಂಥ ಕಡೆ ಅಂಕಿಯನ್ನಲ್ಲದೆ ನಂಬಲು ಬೇರೇನಿದೆ? ಆದಕಾರಣ ಇಂದು ಅದಿರಿನ ಮಾದರಿಗಳನ್ನು ಪರೀಕ್ಷೆಗೆ ಕಳುಹಿಸುವಾಗ, ನಡುನಡುವೆ ಚಿನ್ನವೇ ಇಲ್ಲದ ಪುಡಿಯನ್ನೂ, ಎಷ್ಟಿದೆಯೆಂದು ಮೊದಲೇ ತಿಳಿದ ಪುಡಿಯನ್ನೂ ಸೇರಿಸುತ್ತಾರೆ. ಯಾವ ಪೊಟ್ಟಣ ಯಾವುದೆಂದು ಪ್ರಯೋಗಶಾಲೆಗೆ ಹೇಳುವುದಿಲ್ಲ. ಚಿನ್ನವಿಲ್ಲದ ಪೊಟ್ಟಣದಲ್ಲಿ ಚಿನ್ನ ಕಂಡುಬಂದಿತೆಂದರೆ, ಅದರೊಡನೆ ಹೋದ ಮಾದರಿಗಳನ್ನೆಲ್ಲ ಮತ್ತೆ ಮೊದಲಿನಿಂದ ಪರೀಕ್ಷಿಸಬೇಕಾಗುತ್ತದೆ.