ಸುತ್ತಿಗೆಯಿಂದ ಕೈಯವರೆಗೆ

ಒಡೆತನವನ್ನು ಕುರಿತು ಮಾತನಾಡುವಾಗ ಕನ್ನಡವು ಮತ್ತೆ ಮತ್ತೆ ಕೈಯನ್ನು ನೆನೆಯುತ್ತದೆ. ಬರಬೇಕಾದ ಹಣ ಕೈಸೇರಿತು ಎನ್ನುತ್ತೇವೆ. ಹಿರಿಯರ ಹೊಲ ಕೈಬಿಟ್ಟುಹೋಯಿತು ಎನ್ನುತ್ತೇವೆ. ಕೋಟೆಯು ಶತ್ರುಗಳ ಕೈವಶವಾಯಿತೆಂದು ಚರಿತ್ರೆಯಲ್ಲಿ ಓದುತ್ತೇವೆ. ಕಾಗದದ ಮೇಲೆ ನಮ್ಮದಾದುದು ಇನ್ನೂ ಪೂರ್ತಿಯಾಗಿ ನಮ್ಮದಲ್ಲ, ಕೈಗೆ ಬಂದಾಗಲೇ ನಮ್ಮದು ಎಂಬ ಲೋಕಾನುಭವ ಈ ಮಾತುಗಳ ಹಿಂದಿದೆ. ಆದರೆ ಕಾನೂನಿನ ದಾರಿ ಬೇರೆ. ಹರಾಜಿನಲ್ಲಿ ಸುತ್ತಿಗೆ ಬಿದ್ದೊಡನೆ ಮಾರಾಟ ಪೂರ್ಣವಾಯಿತೆಂದು ಇಂಗ್ಲೆಂಡಿನ 1979ರ ಸರಕು ಮಾರಾಟ ಕಾನೂನು ವಿಧಿಸುತ್ತದೆ. ನಮ್ಮ ದೇಶದ 1930ರ ಕಾನೂನಿನ 64ನೆಯ ಕಲಮಿನಲ್ಲಿಯೂ ಇದೇ ವಿಧಿಯಿದೆ. ಸುತ್ತಿಗೆಯ ಸದ್ದಿಗೂ ಕೈಯ ಸ್ಪರ್ಶಕ್ಕೂ ನಡುವೆ ಒಂದು ದಾರಿಯುಂಟು. ಸಾಮಾನ್ಯ ಕಾಲದಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. 2020ನೆಯ ಇಸವಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ಆ ದಾರಿ ಮುಚ್ಚಿದಾಗ, ಅದರ ಉದ್ದವೆಷ್ಟು, ಅದರಲ್ಲಿ ಎಷ್ಟು ಕೈಗಳು ದುಡಿಯುತ್ತವೆ ಎಂಬುದು ಕಣ್ಣಿಗೆ ಬಿದ್ದಿತು. ಹಳೆಯ ಆಟಿಕೆಗಳನ್ನು ಹರಾಜಿನಲ್ಲಿ ಕೊಳ್ಳುವ ಇಂಗ್ಲೆಂಡಿನ ಸಂಗ್ರಾಹಕರಿಗೆ ಆದ ಅನುಭವ ಇದಕ್ಕೆ ಒಳ್ಳೆಯ ದೃಷ್ಟಾಂತ.

ಆಟಿಕೆಯ ಹರಾಜು ಎಂದೊಡನೆ ನಮ್ಮಲ್ಲಿ ನಗುವವರಿರಬಹುದು. ನಮಗೆ ಹರಾಜೆಂದರೆ ನೆನಪಾಗುವುದು ಅಡಕೆಯ ಮಂಡಿ, ರೇಷ್ಮೆಗೂಡಿನ ಮಾರುಕಟ್ಟೆ, ಇಲ್ಲವೆ ಸಾಲ ತೀರಿಸಲಾರದವನ ಮನೆ. ಆಟಿಕೆಯು ಒಡೆದುಹೋಗುವುದಕ್ಕಾಗಿಯೇ ಹುಟ್ಟಿದ್ದು. ಅದನ್ನು ಕೂಗಿ ಮಾರುವುದೇನು? ಇಂಗ್ಲೆಂಡಿನಲ್ಲಿ ಮಾತ್ರ ಇದು ಗಂಭೀರವಾದ ವ್ಯವಹಾರ. ಆ ದೇಶದ ಈಶಾನ್ಯ ಭಾಗದಲ್ಲಿರುವ ಥಾರ್ನಬಿ ಎಂಬ ಊರಿನ ವೆಕ್ಟಿಸ್ ಎಂಬ ಸಂಸ್ಥೆಯಂತೂ ಆಟಿಕೆಗಳ ಹರಾಜಿಗೇ ಮೀಸಲಾದುದು.

ಈ ಹರಾಜುಗಳಲ್ಲಿ ಅಗ್ರಪೂಜೆ ಸಲ್ಲುವ ಆಟಿಕೆಗಳ ಪೈಕಿ ಡಿಂಕಿ ಎಂಬ ಪುಟ್ಟ ವಾಹನಗಳು ಮುಖ್ಯವಾದುವು. ಮೆಕ್ಯಾನೊ ಎಂಬ ಜೋಡಣೆಯ ಆಟವನ್ನು ಕಂಡುಹಿಡಿದ ಫ್ರಾಂಕ್ ಹಾರ್ನ್‌ಬಿಯ ಕಂಪೆನಿಯೇ ಇವನ್ನೂ ಹೊರತಂದಿತು. ಆಟದ ರೈಲುಗಳ ಪಕ್ಕದಲ್ಲಿ ನಿಲ್ಲಿಸುವುದಕ್ಕೆಂದು 1933ರಲ್ಲಿ ಹೊರಟ ಈ ವಾಹನಗಳಿಗೆ ಮರುವರ್ಷ ಡಿಂಕಿ ಎಂಬ ಹೆಸರು ಬಂದಿತು. ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿದ್ದ ಕಾರ್ಖಾನೆ 1979ರಲ್ಲಿ ಮುಚ್ಚುವವರೆಗೆ ಎರಡು ಮೂರು ತಲೆಮಾರಿನ ಮಕ್ಕಳು ಇವುಗಳೊಡನೆ ಬೆಳೆದರು. ಲಂಡನ್ನಿನ ಬಾಯ್ಸ್ ಎಂಬ ಸೈಕಲ್ ಅಂಗಡಿಯ ಹೆಸರನ್ನು ಹೊತ್ತ, ಯುದ್ಧಪೂರ್ವದ ಒಂದು ಪುಟ್ಟ ಡಿಂಕಿ ವ್ಯಾನು 2008ರ ಹರಾಜಿನಲ್ಲಿ ಸುಮಾರು 20,000 ಪೌಂಡಿಗೆ ಹೋಯಿತು. ಮನೆಮನೆಗೆ ಸರಕು ಮುಟ್ಟಿಸುವ ವಾಹನದ ಪ್ರತಿರೂಪ ಅದು. ಅಂಥ ವಾಹನವನ್ನೇ ಮನೆಗೆ ಮುಟ್ಟಿಸುವುದು ಹೇಗೆಂಬ ಚಿಂತೆ ಹನ್ನೆರಡು ವರ್ಷಗಳ ಅನಂತರ ಬಂದುದು ಕಾಲದ ವಿನೋದವೆನ್ನಬೇಕು.

ಬೆಲೆ ಹೆಚ್ಚಾದಷ್ಟೂ ವಸ್ತುವಿನ ಸೂಕ್ಷ್ಮತೆಯೂ ಹೆಚ್ಚು. ಆಟಿಕೆಯ ಮೈಬಣ್ಣ ಚಕ್ಕೆಯೆದ್ದಿರಬಾರದು. ಟಯರು ಮೂಲದ್ದೇ ಆಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅಂಗಡಿಯಿಂದ ಬಂದಾಗ ಇದ್ದ ರಟ್ಟಿನ ಪೆಟ್ಟಿಗೆ ಜೊತೆಗಿರಬೇಕು. ಮಕ್ಕಳು ಮೊದಲ ದಿನವೇ ಹರಿದೆಸೆದ ಆ ಪೆಟ್ಟಿಗೆ ಎಷ್ಟೋ ವೇಳೆ ಆಟಿಕೆಗಿಂತ ಬೆಲೆಯುಳ್ಳದ್ದು. ಕಾರ್ಗಿ ಕಂಪೆನಿಯವರು 1965ರಲ್ಲಿ ತಂದ ಜೇಮ್ಸ್ ಬಾಂಡನ ಕಾರಿನಲ್ಲಿ ಗುಂಡಿಯೊತ್ತಿದರೆ ಚಾವಣಿ ತೆರೆದು ಹೊರಗೆ ಚಿಮ್ಮುವ ಒಬ್ಬ ಕಿರುಮನುಷ್ಯನಿದ್ದನು. ಅವನು ಕಳೆದುಹೋದರೆ ಕಾರಿನ ಬೆಲೆ ಇಳಿಯಿತೆಂದೇ ಲೆಕ್ಕ. ಇನ್ನು ಯುದ್ಧಪೂರ್ವದ ಡಿಂಕಿಗಳಿಗೆ ಒಂದು ಒಳರೋಗವೇ ಉಂಟು. ಅವನ್ನು ಎರಕಹೊಯ್ದ ಸತುವಿನ ಮಿಶ್ರಲೋಹದಲ್ಲಿ ಸೀಸದ ಅಂಶ ಸ್ವಲ್ಪ ಬೆರೆತುಬಿಟ್ಟಿದ್ದರೆ, ಕಾಲಕ್ರಮದಲ್ಲಿ ಲೋಹ ಒಳಗಿಂದೊಳಗೇ ಬಿರಿದು, ಕಡೆಗೆ ಹುಡಿಯಾಗುತ್ತದೆ. ತೇವವೂ ಬಿಸಿಯೂ ಅದನ್ನು ಬೇಗಮಾಡುತ್ತವೆ. ಆದಕಾರಣವೇ ಅನುಭವಸ್ಥನಾದ ಸಂಗ್ರಾಹಕನು ವಸ್ತುವನ್ನು ಮುಂಚಿತವಾಗಿ ಕೈಯಲ್ಲಿ ಹಿಡಿದು ನೋಡುತ್ತಿದ್ದನು. ಕೊಂಡ ಮೇಲೆ ತಾನೇ ಮಡಿಲಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದನು.

2020ರ ಮಾರ್ಚ್ 23ರಂದು ಪ್ರಧಾನಿ ಬೋರಿಸ್ ಜಾನ್ಸನ್ ಜನರೆಲ್ಲ ಮನೆಯಲ್ಲೇ ಇರಬೇಕೆಂದು ಸಾರಿದಾಗ ಈ ಎರಡೂ ನಿಂತುಹೋದವು. ಅದಕ್ಕೆ ಒಂದು ವಾರ ಮೊದಲೇ ಎಪ್ಪತ್ತು ದಾಟಿದವರು ಜನಸಂಪರ್ಕದಿಂದ ವಿಶೇಷವಾಗಿ ದೂರವಿರಬೇಕೆಂಬ ಸೂಚನೆ ಬಂದಿತ್ತು. ವಿಚಾರಮಾಡಿ ನೋಡಿದರೆ, ಯುದ್ಧಾನಂತರದ ಡಿಂಕಿಗಳೊಡನೆ ಆಡಿ ಬೆಳೆದ ಮೊದಲ ಪೀಳಿಗೆಯೇ ಅದು. ನೈಋತ್ಯದ ಪ್ಲಿಮತ್ತಿನಲ್ಲಿರುವ ಎಪ್ಪತ್ತೆರಡು ವರ್ಷದ ಒಬ್ಬ ಮುದುಕನನ್ನು ನಾವು ಕಲ್ಪಿಸಿಕೊಳ್ಳೋಣ. ಎಂಟರ ವಯಸ್ಸಿನಲ್ಲಿ ಅಂಗಡಿಯ ಗಾಜಿಗೆ ಮೂಗೊತ್ತಿ ನೋಡಿದ ಫೋಡನ್ ಲಾರಿಯನ್ನು ಅಂದು ತಂದೆಯ ಸಂಬಳ ಕೊಡಿಸಲಿಲ್ಲ. ಈಗ ಅದು ಥಾರ್ನಬಿಯ ಪಟ್ಟಿಯಲ್ಲಿ ಬಂದಿದೆ. ಹಣವಿದೆ, ನಡುವೆ ಆರುನೂರು ಕಿಲೋಮೀಟರಿಗೂ ಮಿಕ್ಕ ದಾರಿಯಿದೆ, ಹೊರಡುವಂತಿಲ್ಲ, ಹೊರಟರೂ ರಾತ್ರಿ ತಂಗಲು ಹೋಟೆಲು ತೆರೆದಿಲ್ಲ. ಇಂಥವರು ಒಬ್ಬಿಬ್ಬರಲ್ಲ.

ಕೊಳ್ಳುವುದು ಮಾತ್ರ ಸುಲಭವಾಗಿಯೇ ಉಳಿಯಿತು. ಹರಾಜಿನ ಮನೆಗಳು ಬಾಗಿಲಿಕ್ಕಿಕೊಂಡು ಬರಿದಾದ ಕುರ್ಚಿಗಳ ಮುಂದೆ ಸುತ್ತಿಗೆ ಬಡಿದವು. ಸವಾಲು ಅಂತರ್ಜಾಲದ ಮೂಲಕ ಬಂದಿತು. ಬೆರಳ ತುದಿಯಿಂದ ಕೊಂಡುದನ್ನು ಮನೆಗೆ ತರುವುದೇ ಕಷ್ಟವಾಯಿತು. ಅಂಗಡಿಗಳು ಜೂನ್ 15ಕ್ಕೆ ತೆರೆದು, ನವೆಂಬರ್ 5ಕ್ಕೆ ಮತ್ತೆ ಮುಚ್ಚಿದವು. ಆಗ ಮುಚ್ಚಬೇಕಾದ ಸ್ಥಳಗಳ ಪಟ್ಟಿಯಲ್ಲಿ ಹರಾಜಿನ ಮನೆಗಳೂ ಇದ್ದವು. ಜಾನುವಾರು ಮತ್ತು ಬೇಸಾಯದ ಉಪಕರಣಗಳ ಹರಾಜಿಗೆ ಮಾತ್ರ ವಿನಾಯಿತಿ ದೊರೆಯಿತು. ಹಾಲು ಕರೆಯುವ ಹಸುವನ್ನು ಕಟಕಟೆಯಲ್ಲಿ ನಿಲ್ಲಿಸಿ ಮಾರಬಹುದು. ಮೊದಲನೆಯ ಮಹಾಯುದ್ಧದ ಅನಂತರ ಬ್ರಿಟನ್ಸ್ ಕಂಪೆನಿ ಮಕ್ಕಳಿಗಾಗಿ ಎರೆದ ಸೀಸದ ಹಸುವನ್ನು ಹಾಗೆ ಜನರ ಮುಂದೆ ಮಾರುವಂತಿಲ್ಲ. ನ್ಯಾಯವಾಗಿ ನೋಡಿದರೆ ಇದು ಸರಿಯೇ. ಸೀಸದ ಹಸುವಿಗೆ ಮೇವು ಬೇಡ, ಅದು ಕಾಯಬಲ್ಲದು.

ಆದರೆ ಕಾಯುವ ವಸ್ತುವಿನ ಹೊಣೆ ಯಾರದು? ಬೇರೆ ಒಪ್ಪಂದವಿಲ್ಲದಿದ್ದರೆ ಸರಕನ್ನು ಒಪ್ಪಿಸುವ ಸ್ಥಳ ಮಾರುವವನ ಅಂಗಡಿಯೇ ಎಂದು ಆ 1979ರ ಕಾನೂನು ಹೇಳುತ್ತದೆ. ಎಂದರೆ, ಕೊಂಡವನು ಹೋಗಿ ತರತಕ್ಕದ್ದು. ಒಡೆತನದ ಬೆನ್ನಹಿಂದೆಯೇ ನಷ್ಟದ ಭಯವೂ ಕೊಂಡವನ ಹೆಗಲೇರುತ್ತದೆ. ಮಾರುವವನು ವ್ಯಾಪಾರಿ, ಕೊಳ್ಳುವವನು ಗೃಹಸ್ಥ ಎಂದಾದರೆ ಮಾತ್ರ 2015ರ ಗ್ರಾಹಕರ ಹಕ್ಕುಗಳ ಕಾನೂನು ಅಡ್ಡಬಂದು, ವಸ್ತು ಕೈಸೇರುವ ತನಕ ಅಪಾಯ ಮಾರಿದವನದೇ ಎಂದು ವಿಧಿಸುತ್ತದೆ. ಕನ್ನಡದ ಕೈ ಇಲ್ಲಿ ಇಂಗ್ಲೆಂಡಿನ ಕಾನೂನಿಗೂ ಒಪ್ಪಿಗೆಯಾದಂತೆ ಕಾಣುತ್ತದೆ. ಆದರೆ ಅದರಲ್ಲಿಯೂ ಒಂದು ತಿರುವಿದೆ. ಮಾರಿದವನು ಸೂಚಿಸದ ಸಾಗಣೆಗಾರನನ್ನು ಕೊಂಡವನು ತಾನಾಗಿ ಗೊತ್ತುಮಾಡಿದನೋ, ಆ ಸಾಗಣೆಗಾರನ ಕೈಗೆ ಗಂಟು ಹೋದ ಕ್ಷಣವೇ ಅಪಾಯ ಕೊಂಡವನದಾಗುತ್ತದೆ. ಹರಾಜಿಗೆ ಬರುವ ಆಟಿಕೆಗಳಲ್ಲಿ ಎಷ್ಟೋ ಖಾಸಗಿ ಮನೆಗಳ ಅಟ್ಟದಿಂದ ಇಳಿದು ಬಂದವು. ಅಲ್ಲಿ ಮಾರುವವನು ವ್ಯಾಪಾರಿಯೇ ಅಲ್ಲ. ಹೀಗಾಗಿ, ಯಾರ ಕೈಯಿಂದ ತರಿಸುವುದು ಎಂಬ ಸಣ್ಣ ಪ್ರಶ್ನೆಯೊಳಗೆ, ಒಡೆದರೆ ಅಳುವವರು ಯಾರು ಎಂಬ ದೊಡ್ಡ ಪ್ರಶ್ನೆ ಅಡಗಿತ್ತು.

ದಾರಿಗಳು ಮೂರಿದ್ದವು. ಹರಾಜಿನ ಮನೆಯವರೇ ಕಟ್ಟಿ ಅಂಚೆಗೆ ಹಾಕುವುದು ಒಂದು. ಕಟ್ಟುವುದನ್ನೇ ಕಸುಬಾಗಿ ಉಳ್ಳ ಬೇರೆಯವರನ್ನು ಗೊತ್ತುಮಾಡುವುದು ಎರಡನೆಯದು. ನಿರ್ಬಂಧ ಸಡಿಲವಾಗುವ ತನಕ ಅಲ್ಲಿಯೇ ಇಡಿಸುವುದು ಮೂರನೆಯದು. ಮೊದಲೆರಡರಲ್ಲಿ ಖರ್ಚಿನ ಲೆಕ್ಕ ಬೆಳೆಯುತ್ತದೆ. ಕೂಗಿದ ಬೆಲೆಯ ಮೇಲೆ ಕೊಳ್ಳುವವನಿಂದ ಪಡೆಯುವ ಕಮಿಷನ್, ಆ ಕಮಿಷನ್ನಿನ ಮೇಲೆ ತೆರಿಗೆ, ಆಮೇಲೆ ಕಟ್ಟುವ ಕೂಲಿ, ಸಾಗಣೆ, ವಿಮೆ. ರಾಯಲ್ ಮೇಲ್ ಅಂಚೆಯವರ ವಿಶೇಷ ಬಟವಾಡೆಯಲ್ಲಿಯೂ ನಷ್ಟ ಪರಿಹಾರದ ಮೇಲ್ಮಿತಿ 2,500 ಪೌಂಡು. ಅದಕ್ಕಿಂತ ಹೆಚ್ಚು ಬೆಲೆಯದಕ್ಕೆ ಬೇರೆ ಏರ್ಪಾಡು ಬೇಕು.

ಕಟ್ಟುವುದೂ ಒಂದು ವಿದ್ಯೆ. ಮೂಲದ ಪೆಟ್ಟಿಗೆಯೊಳಗೆ ಕಾಗದ ತುರುಕಿದರೆ ಅದರ ಅಂಚು ಬಿರಿಯುತ್ತದೆ. ಗುಳ್ಳೆಗಳ ಪ್ಲಾಸ್ಟಿಕ್ಕನ್ನು ಬಣ್ಣಕ್ಕೆ ನೇರವಾಗಿ ಸುತ್ತಿದರೆ ಬೇಸಗೆಯಲ್ಲಿ ಅದರ ಗುರುತು ಬಣ್ಣದ ಮೇಲೆ ಉಳಿಯಬಹುದು. ಆದುದರಿಂದ ಮೊದಲು ಆಮ್ಲರಹಿತವಾದ ತೆಳುಕಾಗದ, ಅನಂತರ ಮೆತ್ತೆ, ಅನಂತರ ಗಟ್ಟಿ ಪೆಟ್ಟಿಗೆ, ಅದರ ಹೊರಗೆ ಇನ್ನೊಂದು ಪೆಟ್ಟಿಗೆ. ಚಾವಿ ಕೊಡುವ ರೈಲಾದರೆ ಚಾವಿಯನ್ನು ಬೇರೆ ಕಟ್ಟಬೇಕು. ಭಾರವಾದ ಎಂಜಿನ್ನು ಹಗುರವಾದ ಡಬ್ಬಿಗಳ ಮೇಲೆ ಉರುಳದಂತೆ ಪ್ರತ್ಯೇಕಿಸಬೇಕು. ಕಟ್ಟುವ ಮೊದಲು ಎಲ್ಲ ಮಗ್ಗುಲುಗಳ ಛಾಯಾಚಿತ್ರ ತೆಗೆಯುವುದು ಇಬ್ಬರಿಗೂ ರಕ್ಷೆ. ಸಂಗ್ರಾಹಕನು ತಾನೇ ಮಾಡುತ್ತಿದ್ದ ಈ ಜೋಪಾನವನ್ನು ಆ ವರ್ಷ ಹೆಸರರಿಯದ ಒಬ್ಬ ನೌಕರನಿಗೆ ಒಪ್ಪಿಸಬೇಕಾಯಿತು.

ಗಂಟು ಮನೆಯ ಬಾಗಿಲಿಗೆ ಬಂದ ಮೇಲೂ ಕಥೆ ಮುಗಿಯಲಿಲ್ಲ. ಸೋಂಕಿನ ಭಯದಿಂದ ಅಂಚೆಯವರು ಸಹಿ ಹಾಕಿಸುವುದನ್ನು ಬಿಟ್ಟು, ಗಂಟನ್ನು ಹೊಸ್ತಿಲಲ್ಲಿಟ್ಟು, ದೂರ ನಿಂತು, ಪಡೆದವರ ಹೆಸರನ್ನು ತಾವೇ ದಾಖಲಿಸಿಕೊಂಡರು. ರೋಗಾಣುವು ರಟ್ಟಿನ ಮೇಲೆ ಒಂದು ದಿನ, ಪ್ಲಾಸ್ಟಿಕ್ಕಿನ ಮೇಲೆ ಮೂರು ದಿನಗಳವರೆಗೆ ಉಳಿಯಬಲ್ಲದೆಂದು 2020ರ ಮಾರ್ಚಿಯಲ್ಲಿ ಪ್ರಕಟವಾದ ಪ್ರಯೋಗವೊಂದು ತಿಳಿಸಿತ್ತು. ವಸ್ತುಗಳ ಮೂಲಕ ರೋಗ ಹರಡುವುದು ವಿರಳವೆಂಬುದು ಆಮೇಲೆ ಗೊತ್ತಾಯಿತು. ಆಗ ಅದು ತಿಳಿಯದೆ, ಅರವತ್ತು ವರ್ಷ ಕಾದ ಲಾರಿಯನ್ನು ನಡುಮನೆಯ ಮೂಲೆಯಲ್ಲಿಟ್ಟು, ಮುಟ್ಟದೆ, ಮತ್ತೆ ಮೂರು ದಿನ ಕಾಯುವಂತಾದವರ ಮನಸ್ಸನ್ನು ನಾವು ಊಹಿಸಿಕೊಳ್ಳಬಹುದು.

ಕೊಂಡವರು ಕಡಲಾಚೆಯವರಾದರೆ ತೊಡಕು ಇಮ್ಮಡಿ. ವಿದೇಶದ ಅಂಚೆಚೀಲಗಳಲ್ಲಿ ಬಹಳಷ್ಟು ಪ್ರಯಾಣಿಕರ ವಿಮಾನಗಳಲ್ಲಿಯೇ ಹೋಗುತ್ತವೆ. ಪ್ರಯಾಣಿಕರಿಲ್ಲವೆಂದಾಗ ಚೀಲಗಳೂ ನಿಂತವು. ಭಾರತಕ್ಕೆ ಬರುವ ಅಂತರರಾಷ್ಟ್ರೀಯ ವಿಮಾನಗಳ ನಿಯತ ಸಂಚಾರ 2020ರ ಮಾರ್ಚಿಯಲ್ಲಿ ನಿಂತದ್ದು 2022ರ ಮಾರ್ಚ್ 27ರಂದು ಮತ್ತೆ ಮೊದಲಾಯಿತು. ಯೂರೋಪಿನವರಿಗೆ ಇನ್ನೊಂದು ಬೇಲಿ ಎದ್ದಿತು. 2021ರ ಜನವರಿ 1ರಿಂದ ಬ್ರಿಟನ್ನು ಯೂರೋಪಿನ ಒಕ್ಕೂಟದ ಸುಂಕದ ವ್ಯವಸ್ಥೆಯಿಂದ ಹೊರಬಂದುದರಿಂದ, ಪ್ಯಾರಿಸ್ಸಿಗೆ ಹೋಗುವ ಆಟಿಕೆಗೂ ಸುಂಕದ ಘೋಷಣೆ ಅಂಟಿಸಬೇಕಾಯಿತು. 22 ಯೂರೋ ಒಳಗಿನ ವಸ್ತುಗಳಿಗಿದ್ದ ತೆರಿಗೆಯ ವಿನಾಯಿತಿಯೂ ಅದೇ ಜುಲೈ 1ರಂದು ಹೋಯಿತು. ರೋಗದ ನಿರ್ಬಂಧ ತೆಗೆದರೂ ಈ ಬೇಲಿ ತೆಗೆಯಲಿಲ್ಲ.

ಇಲ್ಲಿ ಒಂದು ನೀತಿಯ ಪ್ರಶ್ನೆಯನ್ನು ಎತ್ತದಿರಲಾಗದು. ಜನ ಸಾಯುತ್ತಿರುವಾಗ ಆಟಿಕೆಗಾಗಿ ಅಂಚೆಯವನನ್ನು ಬೀದಿಗೆ ಕರೆಯುವುದು ಸರಿಯೆ? ಅಕ್ಕಿಯೂ ಔಷಧವೂ ಹೋಗಬೇಕಾದ ಬಂಡಿಯಲ್ಲಿ ತಗಡಿನ ಕಾರಿಗೂ ಜಾಗ ಬೇಕೆ? ಇದಕ್ಕೆ ಒಂದೇ ಉತ್ತರವಿಲ್ಲ. ಏಕಾಂತದಲ್ಲಿ ಕುಳಿತ ಮುದುಕನಿಗೆ ಆ ಗಂಟು ಔಷಧಕ್ಕೆ ಸಮನಾಗಿದ್ದಿರಬಹುದು. ಹರಾಜಿನ ಮನೆಯ ನೌಕರನಿಗೆ ಅದು ಅನ್ನವೇ ಆಗಿತ್ತು. ಆದರೂ ಮೂರನೆಯ ದಾರಿಯನ್ನು ಹಿಡಿದು, "ಅವಸರವಿಲ್ಲ, ಕಾಲ ತಿಳಿಯಾಗುವವರೆಗೆ ನಿಮ್ಮಲ್ಲಿಯೇ ಇರಲಿ" ಎಂದು ಬರೆಯುವುದರಲ್ಲಿ ಒಂದು ಹಿರಿತನವಿದೆ. ಕಾಯುವುದೂ ಒಂದು ಏರ್ಪಾಡೇ. ಅದಕ್ಕೆ ಕೊಂಡವನಲ್ಲಿ ತಾಳ್ಮೆ ಬೇಕು, ಇಟ್ಟುಕೊಂಡವನಲ್ಲಿ ದಿನಬಾಡಿಗೆಯನ್ನು ಬಿಡುವ ಔದಾರ್ಯ ಬೇಕು; ಇಬ್ಬರ ನಡುವೆ ನಂಬಿಕೆ ಬೇಕು.

2021ರ ಏಪ್ರಿಲ್ 12ರಂದು ಇಂಗ್ಲೆಂಡಿನ ಅಂಗಡಿಗಳು ಮತ್ತೆ ತೆರೆದವು. ದೂರದಿಂದ ಕೊಳ್ಳುವ ರೂಢಿ ಮಾತ್ರ ಹಿಂದೆ ಸರಿಯಲಿಲ್ಲ. ಪ್ರಯಾಣದ ಆಯಾಸವಿಲ್ಲದೆ ಕೊಳ್ಳುವ ಅನುಕೂಲ ಬಂದಿತು. ಹರಾಜಿನ ಹಿಂದಿನ ದಿನ ಮೇಜಿನ ಸುತ್ತ ನಿಂತು, ಒಬ್ಬರ ಬಾಲ್ಯವನ್ನು ಇನ್ನೊಬ್ಬರಿಗೆ ಹೇಳಿಕೊಳ್ಳುತ್ತಿದ್ದ ಸಂಭಾಷಣೆ ಕಡಿಮೆಯಾಯಿತು. ಲಾಭನಷ್ಟಗಳ ಈ ಲೆಕ್ಕವನ್ನು ಆಯಾ ಸಂಗ್ರಾಹಕರೇ ಮಾಡಿಕೊಳ್ಳಲಿ.

ಹಳೆಯ ಆಟಿಕೆಗಳ ಲೋಕದಲ್ಲಿ ಒಂದು ವಿರೋಧಾಭಾಸವಿದೆ. ಮಗುವಿನ ಕೈ ಅತಿ ಕಡಿಮೆ ತಾಗಿದ ಆಟಿಕೆಗೇ ಅಲ್ಲಿ ಅತಿ ಹೆಚ್ಚು ಬೆಲೆ. ಹಾಗೆ ಕೈಸೋಂಕದೆ ಉಳಿದ ವಸ್ತುವು ಒಂದೂರಿನಿಂದ ಇನ್ನೊಂದೂರಿಗೆ ಕ್ಷೇಮವಾಗಿ ತಲುಪಬೇಕಾದರೆ, ಕಟ್ಟುವವನ, ಹೊರುವವನ, ವಿಂಗಡಿಸುವವನ, ಬಾಗಿಲಿಗೆ ತಂದಿಡುವವನ ಕೈಗಳೆಲ್ಲವೂ ಬೇಕು. ಆ ಕೈಗಳನ್ನು ಕೊಂಡವನು ಕಾಣುವುದಿಲ್ಲ. ಸವಾಲು ಕೂಗುವ ಮೊದಲೇ, ಇದು ನನ್ನಲ್ಲಿಗೆ ಯಾರ ಕೈಯಿಂದ, ಯಾರ ಹೊಣೆಯಲ್ಲಿ ಬರುವುದು ಎಂದು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯುವುದು ವಿವೇಕ. ಬಂದ ಮೇಲೆ, ಒಡೆಯದೆ ಬಂದಿತೆಂದು ಕಟ್ಟಿದವರಿಗೆ ಎರಡು ಸಾಲು ಬರೆಯುವುದು ಸೌಜನ್ಯ. ಆ ಎರಡು ಸಾಲು ಹೋದ ಮೇಲೆಯೇ ಹರಾಜು ಮುಗಿಯಿತೆಂದು ತಿಳಿಯುವುದು ಮೇಲು.