ಚಾರ್ಜ್ ಏರದಿದ್ದರೆ ಚಾರ್ಜರನ್ನು ಬಯ್ಯುವ ಮೊದಲು

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಪುಟ್ಟ ನೀಲಿ ಚಾರ್ಜಿಂಗ್ ಬೋರ್ಡನ್ನು ಹವ್ಯಾಸಿಗಳು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಅದರ ಮೇಲಿರುವುದು ಟಿಪಿ4056 ಎಂಬ ಎಂಟು ಪಿನ್ನಿನ ಚಿಪ್. ಒಂದು ಲಿಥಿಯಂ-ಅಯಾನ್ ಸೆಲ್ಲನ್ನು 4.2 ವೋಲ್ಟ್‌ವರೆಗೆ ತುಂಬಿಸಿ, ತಾನಾಗಿಯೇ ನಿಲ್ಲಿಸುವುದು ಅದರ ಕೆಲಸ. 18650 ಸೆಲ್ ಜೋಡಿಸಿ ಕೇಬಲ್ ಸಿಕ್ಕಿಸಿದರೆ ಕೆಂಪು ದೀಪ ಹತ್ತಬೇಕು. ಕೆಲವೊಮ್ಮೆ ಹತ್ತುವುದೇ ಇಲ್ಲ. ಇನ್ನು ಕೆಲವೊಮ್ಮೆ ಹತ್ತುತ್ತದೆ, ಗಂಟೆಗಟ್ಟಲೆ ಕಾದರೂ ಸೆಲ್ ಮಾತ್ರ ತುಂಬುವುದಿಲ್ಲ. ಚಿಪ್ ಸುಟ್ಟಿದೆ ಎಂದು ತೀರ್ಮಾನಿಸಿ ಬೋರ್ಡನ್ನು ಎಸೆಯುವವರೇ ಹೆಚ್ಚು. ಆದರೆ ಎಷ್ಟೋ ಸಲ ಚಿಪ್ ಸರಿಯಾಗಿಯೇ ಇರುತ್ತದೆ. ಚಾರ್ಜ್ ಶುರುಮಾಡಲು ಅದಕ್ಕೆ ಕೆಲವು ಷರತ್ತುಗಳಿವೆ, ಅವುಗಳಲ್ಲೊಂದು ಪೂರೈಸಿರುವುದಿಲ್ಲ. ಅದು ಯಾವುದೆಂದು ಪತ್ತೆಹಚ್ಚಲು ಸಾಧಾರಣ ಮಲ್ಟಿಮೀಟರ್ ಸಾಕು.

ಮೊದಲು ಒಳಬರುವ ವಿದ್ಯುತ್ತನ್ನು ಅಳೆಯಿರಿ. ಚಿಪ್‌ಗೆ ಕನಿಷ್ಠ 4 ವೋಲ್ಟ್ ಬೇಕು, 5 ಇದ್ದರೆ ಒಳ್ಳೆಯದು. ಅಳೆಯಬೇಕಾದ್ದು ಅಡಾಪ್ಟರಿನ ತುದಿಯಲ್ಲಲ್ಲ, ಬೋರ್ಡಿನ ಮೇಲೆ, ಅದೂ ಸೆಲ್ ಜೋಡಿಸಿರುವಾಗ. ತೆಳು ಕೇಬಲ್ಲಿನ ಎರಡು ತಂತಿಗಳ ರೋಧ ಒಟ್ಟು ಅರ್ಧ ಓಮ್ ಇದ್ದರೂ, 1 ಆಂಪಿಯರ್ ಹರಿಯುವಾಗ ಅರ್ಧ ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತದೆ. ಟೈಪ್-ಸಿ ಬೋರ್ಡುಗಳದ್ದು ಬೇರೆಯದೇ ಕಥೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದಾಗ, ಎದುರಿನ ಸಾಧನದಲ್ಲಿ 5.1 ಕಿಲೋ ಓಮ್ ರೆಸಿಸ್ಟರ್ ಕಾಣುವವರೆಗೆ ಅಡಾಪ್ಟರ್ ವಿದ್ಯುತ್ತನ್ನೇ ಬಿಡುವುದಿಲ್ಲ. ಅಗ್ಗದ ಕೆಲವು ಬೋರ್ಡುಗಳಲ್ಲಿ ಈ ರೆಸಿಸ್ಟರನ್ನು ಕೂರಿಸಿರುವುದಿಲ್ಲ. ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲ್ ಹಾಕಿದರೆ ಅದೇ ಬೋರ್ಡು ಕೂಡಲೇ ಎಚ್ಚರಗೊಳ್ಳುತ್ತದೆ.

ಒಳಬರುವ ವೋಲ್ಟೇಜ್ ಸರಿಯಿದ್ದರೆ ಚಿಪ್ಪಿನ ಎರಡನೇ ಪಿನ್ ನೋಡಿ. ನನ್ನ ಮಟ್ಟಿಗೆ ಈ ಬೋರ್ಡಿನಲ್ಲಿ ಅತ್ಯಂತ ಉಪಯುಕ್ತವಾದ ಜಾಗ ಇದು. ಚಾರ್ಜಿಂಗ್ ಕರೆಂಟ್ ಎಷ್ಟಿರಬೇಕೆಂದು ನಿರ್ಧರಿಸುವ ರೆಸಿಸ್ಟರ್ ಇಲ್ಲಿ ಸೇರಿರುತ್ತದೆ; 1.2 ಕಿಲೋ ಓಮ್ ಇದ್ದರೆ ಪೂರ್ಣ ಕರೆಂಟ್ 1 ಆಂಪಿಯರ್. ಈ ಪಿನ್ನಿನಲ್ಲಿ 1 ವೋಲ್ಟ್ ಕಂಡರೆ ಪೂರ್ಣ ಕರೆಂಟ್ ಹರಿಯುತ್ತಿದೆ, 0.1 ಕಂಡರೆ ಹತ್ತನೇ ಒಂದು ಪಾಲು ಮಾತ್ರ. ತಂತಿ ಕತ್ತರಿಸದೆಯೇ ಒಳಗೇನು ನಡೆಯುತ್ತಿದೆ ಎಂಬುದು ತಿಳಿಯುತ್ತದೆ.

ಆ 0.1ರ ಹಿಂದೆ ಒಂದು ಕಾರಣವಿದೆ. ಸೆಲ್ 2.9 ವೋಲ್ಟ್‌ಗಿಂತ ಕೆಳಗಿಳಿದಿದ್ದರೆ ಚಿಪ್ ಬೇಕೆಂದೇ ಸುಮಾರು 100 ಮಿಲಿ ಆಂಪಿಯರ್ ಮಾತ್ರ ಬಿಡುತ್ತದೆ. ಬಹಳ ದಿನ ಉಪವಾಸವಿದ್ದವರಿಗೆ ಮೊದಲು ಗಂಜಿ ಕೊಟ್ಟ ಹಾಗೆ. ಈ ಹೊತ್ತಿನಲ್ಲಿ ಔಟ್‌ಪುಟ್‌ಗೆ ಎಲ್‌ಇಡಿ ದೀಪವೋ ಸಣ್ಣ ಮೋಟಾರೋ ಸೇರಿದ್ದು, ಅದು 150 ಮಿಲಿ ಆಂಪಿಯರ್ ಎಳೆಯುತ್ತಿದ್ದರೆ ಸೆಲ್‌ಗೆ ಏನೂ ಉಳಿಯುವುದಿಲ್ಲ. ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ವೋಲ್ಟೇಜ್ ಮೇಲೇಳುವುದಿಲ್ಲ. ಲೋಡ್ ತೆಗೆದರೆ ಸಮಸ್ಯೆ ಮುಗಿಯಿತು. ಉಷ್ಣತೆ ಗಮನಿಸುವ ಒಂದನೇ ಪಿನ್ ಈ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಗ್ರೌಂಡ್‌ಗೆ ಸೇರಿರುತ್ತದೆ, ಆಗ ಅದರ ಪಾತ್ರವಿಲ್ಲ.

ದೊಡ್ಡ ಬ್ಯಾಟರಿಗಳಲ್ಲೂ ಇಂಥದ್ದೇ ಗೊಂದಲವಾಗುತ್ತದೆ. 12 ವೋಲ್ಟ್‌ನ ಹಲವು ಸ್ಮಾರ್ಟ್ ಚಾರ್ಜರ್‌ಗಳು ಎದುರಿಗೆ ಬ್ಯಾಟರಿಯ ವೋಲ್ಟೇಜ್ ಕಾಣುವವರೆಗೆ ಔಟ್‌ಪುಟ್ ಕೊಡುವುದಿಲ್ಲ. ಕ್ಲಿಪ್‌ಗಳು ಒಂದಕ್ಕೊಂದು ತಾಗಿದರೆ ಅಥವಾ ತಿರುಗುಮುರುಗಾಗಿ ಹಾಕಿದರೆ ಅನಾಹುತವಾಗದಿರಲಿ ಎಂಬ ಏರ್ಪಾಡು ಅದು. ಖಾಲಿ ಕ್ಲಿಪ್‌ಗಳಿಗೆ ಮೀಟರ್ ಹಿಡಿದರೆ ಸೊನ್ನೆ; ಚಾರ್ಜರ್ ಸತ್ತಿದೆ ಎಂದು ರಿಪೇರಿಗೆ ಒಯ್ಯುತ್ತಾರೆ. ತೀರಾ ಬರಿದಾದ ಬ್ಯಾಟರಿಯ ಮುಂದೆಯೂ ಅದು ಹೀಗೆಯೇ ಸುಮ್ಮನಿರುತ್ತದೆ.

ಸುಮ್ಮನಿರುವ ಚಾರ್ಜರನ್ನು ಬಲವಂತವಾಗಿ ಎಬ್ಬಿಸುವ ಉಪಾಯಗಳು ಬಾಯಿಂದ ಬಾಯಿಗೆ ಹರಡಿವೆ. ಲಿಥಿಯಂ ಸೆಲ್ಲಿನ ವಿಷಯದಲ್ಲಿ ಇವು ಅಪಾಯಕಾರಿ. ಸೆಲ್ಲಿನ ಒಳಗೆ ಗ್ರಾಫೈಟ್ ಪದರವನ್ನು ಹೊತ್ತಿರುವುದು ತೆಳುವಾದ ತಾಮ್ರದ ಹಾಳೆ. ವೋಲ್ಟೇಜ್ ತೀರಾ ಕುಸಿದಾಗ ಆ ತಾಮ್ರ ದ್ರಾವಣದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಕರಗಿದ ತಾಮ್ರ ಎಲ್ಲೆಂದರಲ್ಲಿ ಲೋಹವಾಗಿ ಕೂರುತ್ತದೆ, ಎರಡು ಧ್ರುವಗಳ ನಡುವಿನ ಪೊರೆಯನ್ನು ದಾಟಿ ಒಳಗೇ ಶಾರ್ಟ್ ಮಾಡಬಹುದು. ಹೊರಗಿನಿಂದ ಸೆಲ್ ತುಂಬಿದಂತೆ ಕಂಡರೂ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯ ಉಳಿದೇ ಇರುತ್ತದೆ.

ಆದ್ದರಿಂದ 2 ವೋಲ್ಟ್‌ಗಿಂತ ಕೆಳಗೆ ಬಹುಕಾಲ ಬಿದ್ದಿದ್ದ ಲಿಥಿಯಂ ಸೆಲ್ಲನ್ನು ಉಳಿಸಲು ಹೋಗಬೇಡಿ. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮನೆಯ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ.