ನಿಮಗಿದು ಗೊತ್ತೇ? ಪೈಲಟ್ ಕಂಪನಿ ಬದಲಿಸುವ ಮುನ್ನ

● ಐಟಿ ಕಂಪನಿಯವರು 90 ದಿನದ ನೋಟಿಸ್ ಅವಧಿಗೇ ಗೊಣಗುತ್ತಾರೆ. ನಮ್ಮ ದೇಶದಲ್ಲಿ ವಿಮಾನದ ಕ್ಯಾಪ್ಟನ್ ರಾಜೀನಾಮೆ ಕೊಟ್ಟ ಮೇಲೆ ಕಾಯಬೇಕಾದದ್ದು ಪೂರ್ತಿ ಒಂದು ವರ್ಷ! ಸಹಪೈಲಟ್‌ಗಾದರೆ ಆರು ತಿಂಗಳು. ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರ ಆಗಸ್ಟ್‌ನಲ್ಲಿ ತಂದ ನಿಯಮ ಇದು. ಅದಕ್ಕೂ ಮೊದಲು ಕ್ಯಾಪ್ಟನ್‌ಗೂ ಆರು ತಿಂಗಳೇ ಇತ್ತು. ಹೊಸ ಪೈಲಟ್ ಒಬ್ಬನನ್ನು ಪ್ರಯಾಣಿಕ ವಿಮಾನಕ್ಕೆ ಪಳಗಿಸಲು ಎಂಟೊಂಬತ್ತು ತಿಂಗಳು ಹಿಡಿಯುತ್ತದೆ, ಇದ್ದವರು ದಿಢೀರನೆ ಹೊರಟರೆ ಪ್ರಯಾಣಿಕರು ನಿಲ್ದಾಣದಲ್ಲೇ ಉಳಿಯುತ್ತಾರೆ ಎಂಬುದು ಸರ್ಕಾರದ ವಾದ. ಹಳೇ ಕಂಪನಿ ನಿರಾಕ್ಷೇಪಣಾ ಪತ್ರ ಕೊಟ್ಟರೆ ಬೇಗ ಹೊರಡಬಹುದು. ಕೊಡುತ್ತದೆಯೇ ಎಂಬುದು ಬೇರೆ ಮಾತು. ಪೈಲಟ್‌ಗಳ ಸಂಘಗಳು ಈ ನಿಯಮದ ವಿರುದ್ಧ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ್ದೂ ಆಗಿದೆ.

● ನೋಟಿಸ್ ಅವಧಿ ಮುಗಿಸದೆ ಹೊರಟುಬಿಟ್ಟರೆ? 2022ರ ಆಗಸ್ಟ್ 7ರಂದು ಮೊದಲ ವಿಮಾನ ಹಾರಿಸಿದ ಆಕಾಶ ಏರ್, ವರ್ಷ ತುಂಬುವ ಹೊತ್ತಿಗೆ ಅದನ್ನು ಅನುಭವಿಸಿತು. ನೋಟಿಸ್ ಅವಧಿ ಪೂರೈಸದೆ 43 ಪೈಲಟ್‌ಗಳು ಬಿಟ್ಟುಹೋದರು. ಕಂಪನಿ ಪೈಲಟ್‌ಗಳ ಮೇಲೆ ಬಾಂಬೆ ಹೈಕೋರ್ಟಿನಲ್ಲಿ ದಾವೆ ಹೂಡಿತು, ನಿಯಮ ಜಾರಿ ಮಾಡಿ ಎಂದು ದೆಹಲಿ ಹೈಕೋರ್ಟಿಗೂ ಹೋಯಿತು. ಒಂದು ರಾಜೀನಾಮೆ ಪತ್ರಕ್ಕೆ ಎರಡು ಊರಿನ ನ್ಯಾಯಾಲಯ!

● ಭಾರತದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ 200 ಗಂಟೆಗಳ ಹಾರಾಟ ಸಾಕು. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸ್ ಎಟಿಪಿಎಲ್‌ಗೆ 1,500 ಗಂಟೆ. ಈ ಎರಡು ಅಂಕಿಗಳ ನಡುವೆ ಇರುವವರು ಕಂಪನಿ ಬದಲಿಸುವ ಮಾತನ್ನು ಸ್ವಲ್ಪ ಕಾಲ ಮರೆತಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

● ಏರ್‌ಬಸ್ ಎ320 ಓಡಿಸುವವರ ಮುಂದೆ ಸ್ಟಿಯರಿಂಗ್‌ನಂಥದ್ದು ಏನೂ ಇರುವುದಿಲ್ಲ. ಕ್ಯಾಪ್ಟನ್‌ನ ಎಡಗೈ ಬದಿಯಲ್ಲಿ ಒಂದು ಪುಟ್ಟ ಹಿಡಿ, ಅಷ್ಟೇ. ಮುಂದಿನ ಜಾಗ ಖಾಲಿ ಉಳಿದದ್ದರಿಂದ ಅಲ್ಲಿ ಮಡಚುವ ಮೇಜು ಕೂಡಿಸಿದ್ದಾರೆ: ಎಳೆದುಕೊಂಡು ತಟ್ಟೆ ಇಟ್ಟು ಊಟ ಮಾಡಬಹುದು. ಬೋಯಿಂಗ್ 737ರಲ್ಲಿ ಎರಡು ಮೊಣಕಾಲುಗಳ ನಡುವೆ ಕಂಟ್ರೋಲ್ ಕಾಲಮ್ ಎದ್ದು ನಿಂತಿರುತ್ತದೆ, ಊಟದ ತಟ್ಟೆ ತೊಡೆಯ ಮೇಲೆ. ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಾಟಲ್ ಹಾಕಿದಾಗ ಬೋಯಿಂಗ್‌ನ ಥ್ರಸ್ಟ್ ಲಿವರ್‌ಗಳು ತಾವೇ ಹಿಂದೆ ಮುಂದೆ ಸರಿಯುತ್ತವೆ. ಎಂಜಿನ್ ಏನು ಮಾಡುತ್ತಿದೆ ಎಂಬುದು ಅಂಗೈಗೇ ತಿಳಿಯುತ್ತದೆ. ಏರ್‌ಬಸ್‌ನಲ್ಲಿ ಅವು ಕದಲುವುದೇ ಇಲ್ಲ, ಪರದೆ ನೋಡಿಯೇ ತಿಳಿಯಬೇಕು. ವರ್ಷಗಟ್ಟಲೆ ಒಂದಕ್ಕೆ ಒಗ್ಗಿದ ಕೈಗೆ ಇನ್ನೊಂದನ್ನು ಕಲಿಸುವುದು ಸಣ್ಣ ಕೆಲಸವಲ್ಲ.

● ಆದ್ದರಿಂದಲೇ ಎದುರಾಳಿ ಕಂಪನಿ ಯಾವ ವಿಮಾನ ಹಾರಿಸುತ್ತದೆ ಎಂಬುದು ಸಂಬಳದಷ್ಟೇ ಮುಖ್ಯ. ಇಂಡಿಗೋದ ಬಹುಪಾಲು ವಿಮಾನಗಳು ಏರ್‌ಬಸ್ ಎ320 ಬಳಗದವು. ಆಕಾಶದ್ದು ಬರೀ ಬೋಯಿಂಗ್ 737 ಮ್ಯಾಕ್ಸ್. ಒಂದರಿಂದ ಇನ್ನೊಂದಕ್ಕೆ ಹೋಗುವವರು ಹೊಸದಾಗಿ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಪಡೆಯಬೇಕು. ಅದರ ಖರ್ಚನ್ನು ಕಂಪನಿ ಹಾಕಿಕೊಂಡರೆ ಜೊತೆಗೆ ಬಾಂಡ್ ಬರುತ್ತದೆ: ಇಂತಿಷ್ಟು ವರ್ಷ ಬಿಡಬಾರದು, ಬಿಟ್ಟರೆ ಹಣ ಕಟ್ಟಬೇಕು. ಆಫರ್ ಲೆಟರ್‌ನ ಮೊದಲ ಪುಟ ಓದಿ ಕುಣಿಯುವವರು ಬಾಂಡ್‌ನ ಕೊನೇ ಪುಟವನ್ನೂ ಓದಬೇಕು.

● ಎ320ರಿಂದ ದೊಡ್ಡ ಎ330ಕ್ಕೆ ಹೋಗುವವರಿಗೆ ಮಾತ್ರ ಅದೃಷ್ಟ. ಎರಡರ ಕಾಕ್‌ಪಿಟ್ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಪೂರ್ತಿ ತರಬೇತಿ ಬೇಡ, ಮೊಟಕಾದ ಕೋರ್ಸ್ ಸಾಕು.

● ಕ್ಯಾಪ್ಟನ್ ಎಷ್ಟೇ ಹಳಬರಾಗಿರಲಿ, ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ತಪ್ಪದು. ವಿಮಾನ ರನ್‌ವೇ ಮೇಲೆ ಓಡುತ್ತಿದೆ. ‘ವಿ ಒನ್’ ಎಂಬ ಕೂಗು ಬಿದ್ದೊಡನೆ ಕ್ಯಾಪ್ಟನ್ ಥ್ರಸ್ಟ್ ಲಿವರ್‌ನಿಂದ ಕೈ ತೆಗೆಯುತ್ತಾರೆ; ಇನ್ನು ನಿಲ್ಲಿಸುವಂತಿಲ್ಲ, ಹಾರಲೇಬೇಕು. ಸರಿಯಾಗಿ ಆ ಗಳಿಗೆಯಲ್ಲಿ ಹಿಂದೆ ಕೂತ ಪರೀಕ್ಷಕರು ಒಂದು ಎಂಜಿನ್ ಕೆಡಿಸುತ್ತಾರೆ. ಮೂಗು ಕೆಟ್ಟ ಎಂಜಿನ್ ಕಡೆಗೆ ಎಳೆಯುತ್ತದೆ, ಎದುರು ಕಡೆಯ ಪೆಡಲನ್ನು ಅದುಮಿ ನೇರ ಮಾಡಿಕೊಂಡು ಒಂಟಿ ಎಂಜಿನ್‌ನಲ್ಲೇ ಮೇಲೇರಬೇಕು. ಹಳೇ ಕಂಪನಿಯಲ್ಲಿ ಇದನ್ನು ಹತ್ತಾರು ಸಲ ಪಾಸು ಮಾಡಿದವರೂ ಹೊಸ ಕಂಪನಿಯ ಪರೀಕ್ಷಕರ ಎದುರು ಮತ್ತೆ ಮಾಡಿ ತೋರಿಸಬೇಕು, ಆ ಕಂಪನಿಯ ಕ್ರಮದಲ್ಲಿ, ಆ ಕಂಪನಿಯ ಮಾತಿನಲ್ಲಿ. ಆಮೇಲೆ ತರಬೇತುದಾರ ಕ್ಯಾಪ್ಟನ್ ಪಕ್ಕದಲ್ಲಿ ಕೂತು ಹಾರಾಟ, ಕೊನೆಗೆ ಇನ್ನೊಂದು ಪರೀಕ್ಷೆ.

● 90 ದಿನಗಳಲ್ಲಿ ಕನಿಷ್ಠ ಮೂರು ಸಲ ವಿಮಾನ ಹಾರಿಸಿ ಇಳಿಸದಿದ್ದರೆ ಪೈಲಟ್ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಿಸುವಂತಿಲ್ಲ. ಎರಡು ಕೆಲಸದ ನಡುವೆ ‘ಸ್ವಲ್ಪ ವಿಶ್ರಾಂತಿ’ ಎನ್ನುವವರು ಗಮನಿಸಿ.

● ಸಂಬಳದ ಗುಟ್ಟು ಗಂಟೆಯಲ್ಲಿದೆ. ಪೈಲಟ್‌ಗೆ ತಿಂಗಳಿಗೆ ಇಷ್ಟು ಗಂಟೆಯ ಹಣ ಹಾರಲಿ ಬಿಡಲಿ ಖಾತ್ರಿ, ಅದರ ಮೇಲೆ ಹಾರಿದ್ದಕ್ಕೆ ಬೇರೆ ದರ. ವಿಸ್ತಾರಾ ಕಂಪನಿಯಲ್ಲಿ ಆ ಖಾತ್ರಿ 70 ಗಂಟೆ ಇತ್ತು. ಏರ್ ಇಂಡಿಯಾ ಜೊತೆ ವಿಲೀನಕ್ಕೆ ಮುಂಚೆ ಅದನ್ನು 40ಕ್ಕೆ ಇಳಿಸಿದರು. ಗಂಟೆಯ ದರ ಎಷ್ಟೇ ಇರಲಿ, ಖಾತ್ರಿ ಕುಸಿದರೆ ಹಾರಾಟ ಕಡಿಮೆಯಿರುವ ತಿಂಗಳಲ್ಲಿ ಮನೆಸಾಲದ ಕಂತಿಗೇ ತತ್ವಾರ. ಪೈಲಟ್‌ಗಳು ಸಿಡಿದೆದ್ದರು. 2024ರ ಏಪ್ರಿಲ್‌ನಲ್ಲಿ ಕಂಪನಿ ದಿನಕ್ಕೆ 25–30 ಹಾರಾಟಗಳನ್ನು ಕೈಬಿಡಬೇಕಾಯಿತು. ಕಾನೂನಿನ ಪ್ರಕಾರ ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ, ಅಂದರೆ ತಿಂಗಳಿಗೆ ಸರಾಸರಿ 83. ಯಾರಾದರೂ ಅದಕ್ಕೂ ಮೀರಿದ ಲೆಕ್ಕ ಹಾಕಿ ಸಂಬಳ ತೋರಿಸಿದರೆ ನಗಬಹುದು.

● ವಾರದ ವಿಶ್ರಾಂತಿ 48 ಗಂಟೆ, ರಾತ್ರಿಯ ಲ್ಯಾಂಡಿಂಗ್ ಎರಡೇ (ಮೊದಲು ಆರು): ಇದು 2025ರಲ್ಲಿ ಎರಡು ಹಂತದಲ್ಲಿ ಜಾರಿಗೆ ಬಂದ ನಿಯಮ. ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಲಾಗದೆ ಡಿಸೆಂಬರ್‌ನಲ್ಲಿ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿತು. ಇಂಥ ಕೊರತೆಯ ಕಾಲದಲ್ಲಿ ಚೌಕಾಸಿಗೆ ಕೂತ ಪೈಲಟ್‌ನ ಮಾತಿಗೆ ತೂಕ ಹೆಚ್ಚು. ಏರ್ ಇಂಡಿಯಾ 2023ರ ಫೆಬ್ರುವರಿಯಲ್ಲಿ 470, ಇಂಡಿಗೋ ಅದೇ ವರ್ಷದ ಜೂನ್‌ನಲ್ಲಿ 500, ಆಕಾಶ 2024ರ ಜನವರಿಯಲ್ಲಿ 150 ವಿಮಾನಗಳಿಗೆ ಆರ್ಡರ್ ಕೊಟ್ಟಿವೆ. ವಿಮಾನ ಕಾರ್ಖಾನೆಯಿಂದ ಬರುತ್ತದೆ, ಕ್ಯಾಪ್ಟನ್ ಬರುವುದು ಪಕ್ಕದ ಕಂಪನಿಯಿಂದಲೇ.

● ಅಮೆರಿಕದ ಪೈಲಟ್‌ಗೆ ಹೀಗೆ ಚೌಕಾಸಿ ಮಾಡಿ ಕಂಪನಿ ಬದಲಿಸುವ ಸುಖ ಇಲ್ಲ. ಅಲ್ಲಿ ಎಲ್ಲವೂ ಸೀನಿಯಾರಿಟಿ ಪಟ್ಟಿ. ಯಾವ ವಿಮಾನ, ಯಾವ ಊರು, ಯಾವಾಗ ರಜೆ, ಯಾವಾಗ ಬಡ್ತಿ, ಎಲ್ಲಕ್ಕೂ ಸೇರಿದ ದಿನಾಂಕವೇ ಆಧಾರ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವರೂ ಎದುರಾಳಿ ಕಂಪನಿಗೆ ಹೋದರೆ ನಿನ್ನೆ ಸೇರಿದ ಹುಡುಗನ ಕೆಳಗೆ ಹೆಸರು ಬರೆಸಬೇಕು. ಭಾರತ, ಕೊಲ್ಲಿ ದೇಶಗಳಲ್ಲಿ ಅನುಭವಿಗಳನ್ನು ನೇರ ಕ್ಯಾಪ್ಟನ್ ಆಗಿಯೇ ತೆಗೆದುಕೊಳ್ಳುವ ರೂಢಿ ಇದೆ.

ಆ ಪಟ್ಟಿಯ ಜಗಳ ಎಷ್ಟು ದೂರ ಹೋಗಬಹುದು ನೋಡಿ. 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ವಿಮಾನ ಕಂಪನಿಗಳು ವಿಲೀನವಾದವು. ಸೇರಿದ ದಿನಾಂಕವೇ ಲೆಕ್ಕ ಎಂದರು ಯುಎಸ್ ಏರ್‌ವೇಸ್‌ನ ಹಳಬರು. ನಿಮ್ಮ ಕಂಪನಿ ದಿವಾಳಿಯಾಗಿತ್ತು, ನಿಮ್ಮಲ್ಲಿ ಎಷ್ಟೋ ಜನ ಕೆಲಸವಿಲ್ಲದೆ ಮನೆಯಲ್ಲಿದ್ದಿರಿ ಎಂದರು ಅಮೆರಿಕ ವೆಸ್ಟ್‌ನ ಕಿರಿಯರು. 2007ರಲ್ಲಿ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ತೀರ್ಪು ಕೊಟ್ಟರು: ಪಟ್ಟಿಯ ತುದಿಯಲ್ಲಿ ಯುಎಸ್ ಏರ್‌ವೇಸ್‌ನ 517 ಮಂದಿ, ಕೆಲಸದಿಂದ ಹೊರಗಿದ್ದವರೆಲ್ಲ ಬುಡಕ್ಕೆ. ಹಳಬರು ಒಪ್ಪಲಿಲ್ಲ, ಮರುವರ್ಷ ಹಳೇ ಸಂಘವನ್ನೇ ಕಿತ್ತೊಗೆದು ಹೊಸ ಸಂಘ ಕಟ್ಟಿದರು. ಒಂದೇ ಬಣ್ಣದ ವಿಮಾನ ಹಾರಿಸುತ್ತಾ ಎರಡು ಪಟ್ಟಿಯಲ್ಲಿ ಉಳಿದರು. 2013ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಮತ್ತೊಂದು ವಿಲೀನ ಆದಾಗಲೂ ನಿಕೊಲಾವ್ ಪಟ್ಟಿ ಜಾರಿಯಾಗಿರಲಿಲ್ಲ. ಮೂವರೂ ಸೇರಿದ ಹೊಸ ಪಟ್ಟಿ ಬಂದದ್ದು 2016ರಲ್ಲಿ!

● ಎಲ್ಲೂ ಹೋಗದೆ ಕೂತವರೂ ಕಂಪನಿ ಬದಲಾಯಿಸಿದ್ದುಂಟು. ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಿಂದ 2003ರಲ್ಲಿ ಹಾರಿಸಿದ ಏರ್ ಡೆಕ್ಕನ್‌ಗೆ ಸೇರಿದವರು, ಐದು ವರ್ಷದೊಳಗೆ ಕಿಂಗ್‌ಫಿಷರ್‌ನವರಾಗಿದ್ದರು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ನಿಂತೇಹೋಯಿತು, ತಿಂಗಳುಗಟ್ಟಲೆ ಸಂಬಳ ಬಾಕಿ ಇಟ್ಟು. ಅದನ್ನು ಕಂಡು ‘ಹಳೇ ಕಂಪನಿ, ಗಟ್ಟಿ ಕಂಪನಿ’ ಎಂದು ಜೆಟ್ ಏರ್‌ವೇಸ್ ನೆಚ್ಚಿದವರಿಗೆ 2019ರ ಏಪ್ರಿಲ್ 17 ಕೊನೇ ದಿನ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಸರದಿ. ನನ್ನನ್ನು ಕೇಳಿದರೆ, ಹೊಸ ಕಂಪನಿಯ ಸಂಬಳದ ಪಟ್ಟಿಗಿಂತ ಮೊದಲು ನೋಡಬೇಕಾದದ್ದು ಅದು ವಿಮಾನದ ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕಟ್ಟುತ್ತಿದೆಯೇ ಎಂಬುದನ್ನು.

● ಬೇಸ್ (ಹಾರಾಟ ಶುರುವಾಗುವ ಊರು) ಯಾವುದು ಎಂದು ಕೇಳದೆ ಸಹಿ ಹಾಕಿದ ಬೆಂಗಳೂರಿನ ಪೈಲಟ್, ಮಕ್ಕಳ ಶಾಲೆ ಇಲ್ಲಿ, ರೋಸ್ಟರ್ ದೆಹಲಿಯಲ್ಲಿ ಎಂದು ಎರಡು ಮನೆ ನಡೆಸಬೇಕಾದೀತು. ಆಗ ಹೆಚ್ಚಿದ ಸಂಬಳವೆಲ್ಲ ಬಾಡಿಗೆಗೇ.

● ಪ್ರಯಾಣಿಕ ವಿಮಾನದ ಪೈಲಟ್‌ಗೆ ಹಾರುವ ವಯಸ್ಸು 65ಕ್ಕೆ ಮುಗಿಯುತ್ತದೆ. 64ನೇ ಹುಟ್ಟುಹಬ್ಬದ ದಿನ ಎದುರಾಳಿ ಕಂಪನಿಯ ಆಫರ್ ಒಪ್ಪಿ ರಾಜೀನಾಮೆ ಕೊಟ್ಟ ಕ್ಯಾಪ್ಟನ್, ಒಂದು ವರ್ಷದ ನೋಟಿಸ್ ಪೂರೈಸಿ ನೇರ ನಿವೃತ್ತಿಗೇ ಹೋಗಬೇಕು.